ಕೊರೆದು ನೋಡಬೇಕೆ?

ಹಾಸನದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ಮೊಸಳೆ ಗ್ರಾಮವನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಬೇಲೂರು ಹಳೆಯಬೀಡುಗಳ ಜನಸಂದಣಿ ಅಲ್ಲಿಗೆ ಬರುವುದಿಲ್ಲ. ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು, ಸುಮಾರು 1200ರ ಕಾಲದವು, ಒಂದೇ ಬಸಿರಿನ ಅವಳಿಗಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ನಾನು ಆ ಊರಿಗೆ ಆಗಾಗ ಹೋಗುವುದು ಗುಡಿಗಳಿಗಾಗಿ ಎಂದರೆ ಸುಳ್ಳಾದೀತು. ನನ್ನ ಅಕ್ಕನನ್ನು ಕೊಟ್ಟ ಊರು ಅದು. ಕಳೆದ ಬೇಸಗೆಯಲ್ಲಿ ಹೋದಾಗ, ಅವಳ ಮನೆಯ ಮುಂದಿನ ಹೊಂಗೆಮರದ ನೆರಳಿನಲ್ಲಿ, ಹಿಂದೆ ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಒಂದು ದೋಣಿ ಕುಳಿತಿತ್ತು. ಮೊಸಳೆಗೆ ದೋಣಿ ಬಂದಿತೆಂದು ಊರವರೆಲ್ಲ ನಕ್ಕು ಮುಗಿಸಿದ್ದರಾದ್ದರಿಂದ ನಾನು ನಗುವ ಅವಕಾಶ ತಪ್ಪಿಹೋಗಿತ್ತು.

ದೋಣಿ ಅಕ್ಕನ ಮಗನದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿಂದೆ ನಿಂತ ನೀರಿನಲ್ಲಿ ಮೀನು ಹಿಡಿಯುವ ಕೆಲಸಕ್ಕೆ ಇಬ್ಬರು ಗೆಳೆಯರೊಡನೆ ಸೇರಿ ಕೈಹಾಕಬೇಕೆಂದು ಅವನು ಕರಾವಳಿಯಿಂದ ಒಂದು ಹಳೆಯ ಫೈಬರ್ ದೋಣಿಯನ್ನು ಲಾರಿಯಲ್ಲಿ ಹೇರಿಸಿ ತಂದಿದ್ದ. ಹೊರಗಿನಿಂದ ನೋಡುವುದಕ್ಕೆ ಲಕ್ಷಣವಾಗಿತ್ತು. ಬಿಳಿಯ ಮೈ, ನೀಲಿಯ ಅಂಚು, ಒಳಗೆ ಹೊಸದಾಗಿ ಬಳಿದ ಬಣ್ಣ. ಹತ್ತಿ ನಿಂತರೆ ಮಾತ್ರ, ಎಂಜಿನ್ ಕೂರಿಸುವ ಹಿಂಬದಿಯಲ್ಲಿ, ನೆಲ ಕಾಲಿಗೆ ಒಂದಿಷ್ಟು ಮೆತ್ತಗೆ ಹತ್ತುತ್ತಿತ್ತು. ಹಾಸಿಗೆಯ ಮೇಲೆ ನಿಂತಂತೆ ಎನ್ನಲಾರೆ. ಹಳೆಯ ಅಟ್ಟದ ಮೇಲೆ ನಿಂತಂತೆ ಎಂದರೆ ಸರಿಯಾದೀತು. ಅಟ್ಟದ ಹೋಲಿಕೆ ನನಗೆ ಏಕೆ ಹೊಳೆಯಿತೆಂಬುದನ್ನು ಮುಂದೆ ಹೇಳಬೇಕಾಗಿದೆ.

ಇಂಥ ದೋಣಿಯ ರಚನೆಯನ್ನು ನನ್ನಂಥ ಬಯಲುಸೀಮೆಯವನು ತಿಳಿದದ್ದು ಅಲ್ಲಿಯೇ. ನಾವು ಚಿಕ್ಕಂದಿನಲ್ಲಿ ಹೇಮಾವತಿಯನ್ನು ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಹೊದಿಕೆ, ಅದಕ್ಕೆ ಟಾರು. ಒಳಗೆ ಕುಳಿತವನಿಗೆ ಅದರ ಒಂದೊಂದು ಸೀಳೂ ಕಣ್ಣಿಗೆ ಕಾಣುತ್ತಿತ್ತು. ಯಾವ ದಬ್ಬೆ ಮುರಿದಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂದು ಅಂಬಿಗ ಹೇಳುವ ಮೊದಲೇ ಮಕ್ಕಳು ಕೂಗಿ ಹೇಳುತ್ತಿದ್ದೆವು. ಫೈಬರ್ ದೋಣಿ ಹಾಗಲ್ಲ. ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಪದರಪದರವಾಗಿ ಗಟ್ಟಿಗೊಳಿಸಿದ ಚಿಪ್ಪು ಅದು. ಹೆಸರು ಗಾಜಿನದಾದರೂ ಒಳಗೆ ಏನಿದೆಯೆಂದು ಕಾಣುವುದಿಲ್ಲ. ಆ ಚಿಪ್ಪು ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ತಾನಾಗಿಯೇ ಅಷ್ಟು ಬಿಗಿಯೂ ಅಲ್ಲ. ಅಲೆಯ ಪೆಟ್ಟಿಗೆ ಬಾಗದಿರಲೆಂದು ತಳದುದ್ದಕ್ಕೂ ಮುಂದಿನಿಂದ ಹಿಂದಕ್ಕೆ ತೊಲೆಗಳನ್ನು ಕೂರಿಸಿ ಅವುಗಳ ಮೇಲೂ ಗಾಜಿನ ನಾರಿನ ಹೊದಿಕೆ ಹಾಕಿರುತ್ತಾರೆ. ರಿಪೇರಿಯವರು ಅವನ್ನು ಸ್ಟ್ರಿಂಗರ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಹೆಚ್ಚಾಗಿ ಈ ತೊಲೆಗಳು ಮರದವು. ಅವುಗಳ ಮೇಲೆ ಪ್ಲೈವುಡ್ಡಿನ ನೆಲ. ಆ ನೆಲಕ್ಕೆ ಪೀಠಗಳನ್ನು ಬಿಗಿಯುವುದಕ್ಕೆ ಯಾರೋ ಸ್ಕ್ರೂ ಹಾಕುತ್ತಾರೆ. ತೂತಿನ ಬಾಯಿಗೆ ರಾಳ ಹಚ್ಚುವುದನ್ನು ಮರೆಯುತ್ತಾರೆ. ಹನಿಹನಿಯಾಗಿ ನೀರು ಇಳಿಯುತ್ತದೆ. ಬರಿಯ ಮರದ ದೋಣಿಯಾಗಿದ್ದರೆ ದಡಕ್ಕೆ ಎಳೆದಾಗ ಒಣಗುತ್ತಿತ್ತು. ಇಲ್ಲಿ ನೀರನ್ನು ಹೊರಗಿಡಬೇಕಾದ ಚಿಪ್ಪೇ ಒಳಗೆ ಬಂದ ನೀರನ್ನು ಹೊರಗೆ ಬಿಡದೆ ಕಾಯುತ್ತದೆ. ವರ್ಷಗಳ ಮೇಲೆ ವರ್ಷ ಮರ ಒಳಗೇ ಕೊಳೆತು ಮಣ್ಣಾಗುತ್ತದೆ. ಮೇಲಿನ ಗಾಜಿನ ಹೊದಿಕೆ ಮಾತ್ರ ತೊಲೆಯ ಆಕಾರವನ್ನು ಹಾಗೆಯೇ ಉಳಿಸಿಕೊಂಡು, ತಾನೇ ತೊಲೆಯೆಂಬಂತೆ ಮಲಗಿರುತ್ತದೆ.

ನೆಲವನ್ನು ನೋಡುವುದಕ್ಕೆ ಮಲ್ಪೆಯ ಕಡೆಯ ಒಬ್ಬ ಕೆಲಸಗಾರನನ್ನು ನನ್ನ ಸೋದರಳಿಯ ಕರೆಸಿದ್ದ. ಐವತ್ತು ದಾಟಿದ, ಮಿತಮಾತಿನ ಮನುಷ್ಯ. ಒಂದು ಸಣ್ಣ ಸುತ್ತಿಗೆಯಿಂದ ನೆಲವನ್ನು ತಟ್ಟುತ್ತ ಮುಂದಿನಿಂದ ಹಿಂದಕ್ಕೆ ಬಂದ. ಮುಂದೆ ಟಣ್ ಎನ್ನುತ್ತಿದ್ದ ಶಬ್ದ ಹಿಂದೆ ಬರುಬರುತ್ತ ದೊಬ್ ಎಂದಿತು. ಮಡಕೆ ಕೊಳ್ಳುವ ಹೆಂಗಸರೆಲ್ಲರಿಗೂ ತಿಳಿದಿರುವ ಪರೀಕ್ಷೆ ಅದು. ಆಮೇಲೆ ಅವನು ಎದ್ದು ಕೈ ಒರೆಸಿಕೊಂಡು ಹೇಳಿದ:

“ನೆಲ ಹೋಗಿದೆ. ಅದು ನಿಮಗೂ ಗೊತ್ತುಂಟು. ಅದರ ಮೇಲೆಯೇ ಇನ್ನೊಂದು ಪ್ಲೈವುಡ್ ಹಾಕಿ ಕೊಡುದಾದ್ರೆ ಎರಡು ದಿನದ ಕೆಲಸ. ಕೆಳಗಿನ ತೊಲೆ ನೋಡ್ಬೇಕಾದ್ರೆ ಕೊರೀಬೇಕು. ಕೊರೀಲಾ ಸಾರ್? ಕೊರೆದ್ರೆ ಗೊತ್ತಾಗ್ತದೆ. ಗೊತ್ತಾದ ಮೇಲೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ನನ್ನ ಸೋದರಳಿಯ ನನ್ನ ಮುಖ ನೋಡಿದ. ನಾನು ಗುಡಿಯ ಕಡೆ ನೋಡಿದೆ. ಕೊನೆಗೆ ಅವನೇ “ಕೊರೀರಿ” ಎಂದ. ಡ್ರಿಲ್ಲಿನ ಮೊನೆ ನೆಲವನ್ನು ದಾಟಿ ತೊಲೆಯೊಳಗೆ ಇಳಿದು ಮೇಲೆ ಬಂದಾಗ ಅದರ ಸುರುಳಿಯಲ್ಲಿದ್ದದ್ದು ಮರದ ತಿಳಿಹಳದಿಯ ಹೊಟ್ಟಲ್ಲ. ಕಪ್ಪಗಿನ, ಒದ್ದೆಯಾದ, ಕಾಫಿಯ ಗಷ್ಟಿನಂಥ ಒಂದು ವಸ್ತು. ವಾಸನೆ ಕೊಳೆತ ಎಲೆಗುಂಡಿಯದು. ಅರಗಿನ ಮನೆಗೆ ಕಾಲಿಟ್ಟಾಗ ಧರ್ಮರಾಯನಿಗೆ ಗೋಡೆಯೊಳಗಿನ ತುಪ್ಪ, ಅರಗುಗಳ ವಾಸನೆ ಹತ್ತಿತಂತೆ. ಅವನ ಮೂಗನ್ನು ನಮ್ಮ ಹರಿಕಥೆಯವರು ಸಾಕಷ್ಟು ಹೊಗಳಿಲ್ಲವೆಂದು ನನ್ನ ಅಭಿಪ್ರಾಯ.

ಇಷ್ಟೇ ಆಗಿದ್ದರೆ ಇದು ಒಂದು ರಿಪೇರಿಯ ಕಥೆ. ಅದೇ ವಾರ ಬೇರೊಂದು ಜಿಲ್ಲೆಯಿಂದ ಒಬ್ಬ ಗಿರಾಕಿ ಬಂದ. ಕೆರೆಯ ದಂಡೆಯಲ್ಲಿ ವಿಹಾರಧಾಮ ನಡೆಸುವವನು. ಅತಿಥಿಗಳನ್ನು ನೀರಿನಲ್ಲಿ ಸುತ್ತಾಡಿಸಲು ದೋಣಿ ಬೇಕಾಗಿತ್ತು. ನನ್ನ ಸೋದರಳಿಯ ಕೊಟ್ಟಿದ್ದ ಬೆಲೆಗಿಂತ ಹೆಚ್ಚೇ ಕೊಡಲು ಸಿದ್ಧನಿದ್ದ. ದೋಣಿಯನ್ನು ದೂರದಿಂದ ಒಂದು ಸುತ್ತು ಬಂದು, ಬಣ್ಣ ಮೆಚ್ಚಿ, ನಾಳೆ ಹಣ ತರುತ್ತೇನೆಂದು ಹೋದ. ಏನನ್ನೂ ಕೇಳಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ಹೇಳಿದ: “ಮಾವ, ಅವರು ಕೇಳಿದ್ರೆ ಖಂಡಿತ ಹೇಳ್ತೀನಿ. ಕೇಳದೇ ಇದ್ರೆ ನಾನೇ ಹೇಳಬೇಕಾ? ನನಗೆ ಮಾರಿದವನು ಹೇಳಿದ್ನಾ? ಆ ಒಂದು ತೂತು ಕೊರೆಸದೇ ಇದ್ದಿದ್ರೆ ನಾನೂ ನಿಷ್ಕಪಟವಾಗಿ ಮಾರ್ತಿದ್ದೆ.”

ನಾನು ನಲವತ್ತು ವರ್ಷ ಕೋರ್ಟಿನ ಕಚೇರಿಯಲ್ಲಿ ಕಡತ ಹೊತ್ತವನು. ಇಂಥ ಪ್ರಶ್ನೆ ಕೇಳಿದರೆ ಬಾಯಿಗೆ ಮೊದಲು ಬರುವುದು ಕಾನೂನು. ಕಾನೂನು ಹುಡುಗನ ಕಡೆಗೇ ವಾಲುವಂತೆ ಕಂಡಿತು. 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮಿಗೆ ಒಂದು ನಿದರ್ಶನ ಕೊಟ್ಟಿದ್ದಾರೆ: ಒಬ್ಬ ತನ್ನ ಕುದುರೆಗೆ ದೋಷವಿದೆಯೆಂದು ತಿಳಿದೂ ಹರಾಜಿನಲ್ಲಿ ಮಾರುತ್ತಾನೆ, ಕೊಂಡವನಿಗೆ ಏನೂ ಹೇಳುವುದಿಲ್ಲ, ಇದು ವಂಚನೆಯಲ್ಲ. ಅದರ ಮರುಸಾಲಿನಲ್ಲೇ ಇನ್ನೊಂದು: ಕೊಂಡವಳು ಆಗ ತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ಗುಮಾಸ್ತನಾಗಿ ಈ ಎರಡು ಸಾಲುಗಳನ್ನು ನಾನು ಎಷ್ಟು ಸಲ ನಕಲು ಮಾಡಿದ್ದೇನೋ! ಮಗಳಿಗೆ ಕೊಡಲಾಗದ ಕುದುರೆಯನ್ನು ಪರರ ಮಗಳಿಗೆ ಮಾರಬಹುದು ಎಂಬ ಅರ್ಥ ಇವೆರಡರ ನಡುವೆ ಅಡಗಿದೆಯೆಂದು ಅಂದು ಹೊಳೆಯಲಿಲ್ಲ. ಸ್ಥಿರಾಸ್ತಿಯ ವಿಷಯದಲ್ಲಿ ಕಾನೂನು ಇನ್ನಷ್ಟು ಕಟ್ಟುನಿಟ್ಟು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷ ಮಾರುವವನಿಗೆ ತಿಳಿದಿದ್ದರೆ ಹೇಳಲೇಬೇಕು. ತಿಳಿದಿದ್ದರೆ! ಕಾನೂನು ಪಾಪ, ತಿಳಿದವನನ್ನು ಹಿಡಿಯಬಲ್ಲದು. ತಿಳಿಯದಂತೆ ಜಾಗರೂಕನಾಗಿದ್ದವನನ್ನು ಏನು ಮಾಡೀತು?

ಇಲ್ಲಿ ನನ್ನ ಅಟ್ಟದ ವಿಷಯಕ್ಕೆ ಬರುತ್ತೇನೆ.

1994ರಲ್ಲಿ ನಾನು ಹಾಸನದ ನಮ್ಮ ಹಿರಿಯರ ಮನೆಯನ್ನು ಮಾರಿದೆ. ಕೊಂಡವರು ಶಾಲೆಯ ಮೇಷ್ಟರು. ಭವಿಷ್ಯನಿಧಿಯನ್ನೆಲ್ಲ ತೆಗೆದು ಕೊಂಡರು. ಮಾರುವ ಎರಡು ತಿಂಗಳ ಹಿಂದೆ, ನಡುಮನೆಯ ಗೋಡೆಯ ಮೇಲೆ ತೊಲೆಯ ತುದಿಯವರೆಗೆ ಬೆರಳಿನಗಲದ ಒಂದು ಮಣ್ಣಿನ ಗೆರೆ ಹತ್ತಿರುವುದನ್ನು ನನ್ನ ಹೆಂಡತಿ ತೋರಿಸಿದಳು. ಗೆದ್ದಲಿನ ದಾರಿ ಹೇಗಿರುತ್ತದೆಂದು ಹಳೆಯ ಮನೆಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಏಣಿ ಇಟ್ಟು, ಹತ್ತಿ, ಬೆರಳ ಗೆಣ್ಣಿನಿಂದ ತೊಲೆಯನ್ನು ಎರಡು ಸಲ ತಟ್ಟಿದ್ದರೆ ಸಾಕಾಗಿತ್ತು. ನಾನು ತಟ್ಟಲಿಲ್ಲ. ಸುಣ್ಣ ಹೊಡೆಸಿದೆ. ಮಾರುವ ಮನೆಗೆ ಸುಣ್ಣ ಹೊಡೆಸುವುದು ವಾಡಿಕೆ, ಅದರಲ್ಲಿ ತಪ್ಪೇನಿದೆ? ಮೇಷ್ಟರು ಮನೆ ನೋಡಲು ಬಂದಾಗ ತೊಲೆಗಳು ಗಟ್ಟಿಯಾಗಿವೆಯೆಂದು ನಾನು ಹೇಳಲೇ ಇಲ್ಲ. “ನಮ್ಮ ತಾತನ ಕಾಲದವು” ಎಂದೆ. ಅದು ನಿಜ. ನಾನು ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ನನಗೆ ತೊಲೆ ಹಾಳಾಗಿದೆಯೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದಿರುವಂತೆ ನೋಡಿಕೊಂಡಿದ್ದೆ. ಮಲ್ಪೆಯ ಮನುಷ್ಯ “ಕೊರೀಲಾ?” ಎಂದು ಕೇಳಿದಾಗ ನಾನು ಗುಡಿಯ ಕಡೆ ನೋಡಿದ್ದಕ್ಕೆ ಕಾರಣ ಗೋಪುರದ ಸೊಬಗಲ್ಲ.

ಇಷ್ಟು ವರ್ಷ ನನಗೆ ಒಂದು ಸಮಾಧಾನವಿತ್ತು. ಮನೆ ಬಿದ್ದಿಲ್ಲ. ಆ ಬೀದಿಯಲ್ಲಿ ಹೋಗುವಾಗಲೆಲ್ಲ ಓರೆಗಣ್ಣಿನಿಂದ ನೋಡುತ್ತೇನೆ, ನಿಂತಿದೆ. ಈ ಸಮಾಧಾನವನ್ನು ಕೆಡಿಸಿದವನು ಒಬ್ಬ ಇಂಗ್ಲಿಷ್ ಗಣಿತಜ್ಞ. ವಿಲಿಯಂ ಕಿಂಗ್‌ಡನ್ ಕ್ಲಿಫರ್ಡ್ ಎಂದು ಹೆಸರು. ಮೂವತ್ಮೂರನೆಯ ವಯಸ್ಸಿಗೇ ತೀರಿಕೊಂಡ. ನಂಬಿಕೆಯ ನೀತಿಯನ್ನು ಕುರಿತು 1877ರಲ್ಲಿ ಪ್ರಕಟವಾದ ಅವನ ಪ್ರಬಂಧ ಒಂದು ಹಡಗಿನಿಂದ ಪ್ರಾರಂಭವಾಗುತ್ತದೆ. ಹಡಗಿನ ಒಡೆಯನಿಗೆ ತನ್ನ ಹಡಗು ಹಳೆಯದು, ಅಷ್ಟು ಚೆನ್ನಾಗಿ ಕಟ್ಟಿದ್ದಲ್ಲ, ಹಲವು ಬಾರಿ ರಿಪೇರಿ ಕಂಡದ್ದು ಎಂದು ಗೊತ್ತು. ಒಮ್ಮೆ ಪೂರ್ತಿ ಬಿಚ್ಚಿ ನೋಡಬೇಕಲ್ಲವೆ ಎಂಬ ಸಂಶಯ ಅವನನ್ನು ಕಾಡುತ್ತದೆ, ಖರ್ಚೂ ಕಾಡುತ್ತದೆ. ಇಷ್ಟು ಬಿರುಗಾಳಿಗಳನ್ನು ದಾಟಿ ಬಂದದ್ದು ಇದೊಂದು ಸಲ ಬಾರದೆ ಹೋದೀತೆ, ಪರದೇಶಕ್ಕೆ ಹೊರಟ ಇಷ್ಟು ಸಂಸಾರಗಳನ್ನು ದೇವರು ಕಾಪಾಡದೆ ಇದ್ದಾನೆಯೆ ಎಂದು ತನಗೆ ತಾನೇ ಹೇಳಿಕೊಂಡು, ಮನಸ್ಸಿನಲ್ಲಿ ಪ್ರಾಮಾಣಿಕವಾದ ನಂಬಿಕೆಯನ್ನೇ ಬೆಳೆಸಿಕೊಂಡು, ಶುಭ ಹಾರೈಸಿ ಕಳಿಸಿಕೊಡುತ್ತಾನೆ. ಹಡಗು ನಡುಗಡಲಿನಲ್ಲಿ ಮುಳುಗುತ್ತದೆ. ವಿಮೆಯ ಹಣ ಬರುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಆದರೆ ಕ್ಲಿಫರ್ಡ್ ಕಥೆಯನ್ನು ತಿರುಗಿಸುತ್ತಾನೆ. ಹಡಗು ಮುಳುಗಲಿಲ್ಲ, ಆ ಸಲವೂ ಮುಂದೆ ಎಷ್ಟೋ ಸಲವೂ ಕ್ಷೇಮವಾಗಿ ಬಂದಿತು ಎನ್ನೋಣ. ಒಡೆಯನ ಅಪರಾಧ ಕಡಿಮೆಯಾಯಿತೆ? ಎಳ್ಳಷ್ಟೂ ಇಲ್ಲ ಎನ್ನುತ್ತಾನೆ; ಅವನು ಸಿಕ್ಕಿಬೀಳಲಿಲ್ಲ, ಅಷ್ಟೆ. ಇದನ್ನು ಬರೆದವನು ಆರಾಮಕುರ್ಚಿಯ ತಾತ್ವಿಕನೂ ಅಲ್ಲ. 1870ರಲ್ಲಿ ಸೂರ್ಯಗ್ರಹಣ ನೋಡಲು ಹೊರಟ ತಂಡದಲ್ಲಿದ್ದು, ಸಿಸಿಲಿಯ ತೀರದಲ್ಲಿ ಹಡಗೊಡೆದು ಬದುಕಿ ಬಂದವನು.

ಓದಿದ ದಿನ ನಾನು ಕ್ಲಿಫರ್ಡನೊಡನೆ ಬಹಳ ವಾದಿಸಿದೆ. ಫಲವೇ ಇಲ್ಲದ ತಪ್ಪಿಗೆ ಫಲವಿರುವ ತಪ್ಪಿನಷ್ಟೇ ತೂಕವೆ? ಲೋಕದ ನಡವಳಿಕೆ ಹಾಗಿಲ್ಲ. ಬಿದ್ದ ಮನೆಯ ಮಾರಾಟಗಾರನನ್ನು ಜನ ಬೈಯುತ್ತಾರೆ, ನಿಂತ ಮನೆಯವನಿಗೆ ನಮಸ್ಕಾರ ಮಾಡುತ್ತಾರೆ. ಆದರೆ ತಟ್ಟದೆ ಸುಣ್ಣ ಹೊಡೆಸಿದ ಆ ದಿನ ನಾನು ಮಾಡಿದ್ದು ಏನು? ಮನೆ ನಿಲ್ಲುವುದೋ ಬೀಳುವುದೋ ನನಗೆ ಗೊತ್ತಿರಲಿಲ್ಲ. ಬಿದ್ದರೆ ಮೇಷ್ಟರ ಮೇಲೆ ಬೀಳಲಿ ಎಂದು ತೀರ್ಮಾನಿಸಿದೆ. ನಿಂತದ್ದು ತೊಲೆಯ ಪುಣ್ಯ, ನನ್ನದಲ್ಲ.

ಪಾಲಿಯ ಮಿಲಿಂದ ಪ್ರಶ್ನೆಯಲ್ಲಿ ಇದಕ್ಕೆ ಹತ್ತಿರದ ಮಾತೊಂದಿದೆ. ತಿಳಿದು ಮಾಡಿದ ಪಾಪ ಹೆಚ್ಚೋ ತಿಳಿಯದೆ ಮಾಡಿದ ಪಾಪ ಹೆಚ್ಚೋ ಎಂದು ಯವನ ದೊರೆ ಕೇಳುತ್ತಾನೆ. ತಿಳಿಯದೆ ಮಾಡಿದ್ದೇ ಹೆಚ್ಚು ಎಂದು ಭಿಕ್ಷು ನಾಗಸೇನ ಉತ್ತರ ಕೊಟ್ಟು ದೊರೆಯನ್ನು ಬೆಚ್ಚಿಬೀಳಿಸುತ್ತಾನೆ: ಕಾದ ಕಬ್ಬಿಣದ ಗುಂಡನ್ನು ತಿಳಿದು ಮುಟ್ಟಿದವನಿಗಿಂತ ತಿಳಿಯದೆ ಹಿಡಿದವನ ಕೈ ಹೆಚ್ಚು ಸುಡುವುದಲ್ಲವೆ? ಉಪಮಾನ ಸೊಗಸಾಗಿದೆ. ಆದರೆ ನಾಗಸೇನರಿಗೆ ಒಂದು ವಿನಯಪೂರ್ವಕ ಆಕ್ಷೇಪ. ಗುಂಡನ್ನು ಹಿಡಿದವನ ಕೈಯೇ ಸುಡುವುದಾದರೆ ಲೋಕದಲ್ಲಿ ಅಜ್ಞಾನ ಇಷ್ಟು ಹೊತ್ತು ಉಳಿಯುತ್ತಿರಲಿಲ್ಲ. ದೋಣಿಯ ವಿಷಯದಲ್ಲಿ ಅಜ್ಞಾನ ಮಾರಿದವನದು, ಸುಡುವ ಕೈ ಹತ್ತಿದವನದು.

ಅದು ಎಷ್ಟು ಸುಡಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಗುಜರಾತಿನ ಮೋರ್ಬಿಯಲ್ಲಿ ಮಚ್ಛೂ ನದಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಒಂದು ತೂಗುಸೇತುವೆ ಇತ್ತು. ಅದನ್ನು ರಿಪೇರಿ ಮಾಡಿಸಿ 2022ರ ಅಕ್ಟೋಬರ್ 26ರಂದು ಜನರಿಗೆ ತೆರೆದರು. 30ರ ಸಂಜೆ ಅದು ಹರಿದು ಬಿದ್ದು 135 ಜನ ಸತ್ತರು. ವಿಶೇಷ ತನಿಖಾ ತಂಡದ ಪ್ರಾಥಮಿಕ ವರದಿಯಲ್ಲಿ ಕಂಡ ವಿವರ ಇದು: ಹಳೆಯ ಮರದ ಹಲಗೆಗಳ ನೆಲವನ್ನು ತೆಗೆದು ಹೊಳೆಯುವ ಅಲ್ಯುಮಿನಿಯಂ ನೆಲ ಹಾಸಿದ್ದರು, ಅದರಿಂದ ಭಾರವೂ ಹೆಚ್ಚಿತ್ತು. ಆ ನೆಲವನ್ನು ಹೊತ್ತ ಮುಖ್ಯ ಹಗ್ಗವೊಂದರ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು. ಸೇತುವೆ ಬೀಳುವ ಮೊದಲೇ ಅವು ತುಂಡಾಗಿದ್ದಿರಬೇಕು. ದೀಪಾವಳಿಯ ರಜೆಯಲ್ಲಿ ಮಕ್ಕಳ ಕೈಹಿಡಿದು ಬಂದವರು ಕಾಲಿನ ಕೆಳಗೆ ಹೊಸ ನೆಲವನ್ನು ಕಂಡು ನಂಬಿದರು. ನೆಲ ಇರುವುದೇ ನಂಬುವುದಕ್ಕಾಗಿ. ಮೊದಲಿನ ಹಳೆಯ ಹಲಗೆಗಳೇ ಇದ್ದಿದ್ದರೆ ಅವರಲ್ಲಿ ಕೆಲವರಾದರೂ ಹೆಜ್ಜೆ ಹಿಂದಿಡುತ್ತಿದ್ದರೋ ಏನೋ.

ಇದಕ್ಕೆ ಎದುರಾಗಿ ಹೇಳತಕ್ಕ ಮಾತೂ ಇದೆ, ಅದು ಹಗುರವಾದದ್ದಲ್ಲ. ಎಲ್ಲವನ್ನೂ ಕೊರೆದು ನೋಡುತ್ತ ಹೋದರೆ ಬಾಳುವುದು ಯಾವಾಗ? ಪ್ರತಿ ತೂತೂ ನೀರಿಗೆ ಒಂದು ಹೊಸ ದಾರಿ ಎಂದು ಮಲ್ಪೆಯ ಕೆಲಸಗಾರನೇ ಹೇಳುತ್ತಿದ್ದ. ಪರೀಕ್ಷೆಗೆಂದು ಕೊರೆದದ್ದನ್ನು ಅಂದೇ ರಾಳದಿಂದ ಮುಚ್ಚದಿದ್ದರೆ ಗಟ್ಟಿಯಾದ ತೊಲೆಯೂ ಕೊಳೆಯುತ್ತದಂತೆ. ಮನುಷ್ಯರ ವಿಷಯದಲ್ಲಂತೂ ಬೈರಿಗೆ ಹಿಡಿದು ಹೊರಡುವವರನ್ನು ಕಂಡರೆ ನನಗೆ ಭಯ. ಗೆಳೆಯನ ಮಾತನ್ನು, ಹೆಂಡತಿಯ ಮೌನವನ್ನು, ಮಗನ ಕಾಗದವನ್ನು ತಟ್ಟಿ ತಟ್ಟಿ ನೋಡುವವನ ಮನೆಯಲ್ಲಿ ಯಾವುದೂ ಗಟ್ಟಿಯಾಗಿ ಉಳಿಯಲಾರದು. ಆದ್ದರಿಂದ ಎಲ್ಲವನ್ನೂ ಬಿಚ್ಚಿ ನೋಡಬೇಕೆಂಬ ಧರ್ಮವನ್ನು ನಾನು ಒಪ್ಪುವುದಿಲ್ಲ. ಕಾಲಿಗೆ ಮೆತ್ತಗೆ ಹತ್ತದ ನೆಲದ ಮೇಲೆ ನೆಮ್ಮದಿಯಾಗಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಕಾಲಿಗೆ ಒಮ್ಮೆ ಮೆತ್ತಗೆ ಹತ್ತಿತೆಂದರೆ ಮಾತು ಬೇರೆ. ಆಗ ಸಂಶಯ ಒಂದು ಸಾಲದಂತೆ ನಮ್ಮ ತಲೆಯ ಮೇಲೆ ಬಂದು ಕೂರುತ್ತದೆ. ಅದನ್ನು ತೀರಿಸುವುದಕ್ಕೆ ಏಣಿ ಹತ್ತಬೇಕು. ಇಲ್ಲವೆ, ನೆಲ ಮೆತ್ತಗಿದೆ, ನಾನು ನೋಡಿಲ್ಲ, ನೀವು ನೋಡಿಕೊಳ್ಳಿ ಎಂದಾದರೂ ಮುಂದಿನವನಿಗೆ ಹೇಳಬೇಕು. ಇಷ್ಟಕ್ಕೆ ಗಣಿತಜ್ಞನೂ ಬೇಡ, ಭಿಕ್ಷುವೂ ಬೇಡ. ನನಗೆ 1994ರಲ್ಲಿಯೇ ಗೊತ್ತಿತ್ತು.

ಆ ರಾತ್ರಿ ಇದನ್ನೆಲ್ಲ ನಾನು ಹುಡುಗನಿಗೆ ಹೇಳಿದೆನೆಂದು ಓದುಗರು ತಿಳಿಯಬಾರದು. “ನಿನ್ನ ದೋಣಿ, ನಿನ್ನ ಇಷ್ಟ” ಎಂದು ಮಜ್ಜಿಗೆಗೆ ಕೈಹಾಕಿದೆ. ಮಾರನೆಯ ದಿನ ಗಿರಾಕಿ ಹಣ ತಂದಾಗ ಅವನೇ, ನನ್ನ ಕಡೆ ನೋಡದೆ, ಹಿಂಬದಿಯ ಎರಡು ತೊಲೆಗಳೂ ಕೊಳೆತಿವೆಯೆಂದು ಹೇಳಿಬಿಟ್ಟ. ಆ ಮಹಾಶಯರು ಸಂತೋಷಪಟ್ಟರೆ? ಇಲ್ಲ. “ಇದನ್ನ ನನಗ್ಯಾಕ್ರೀ ಹೇಳಿದ್ರಿ?” ಎಂದು ನಿಜವಾಗಿಯೂ ಸಿಟ್ಟಾದರು. ಹಣದ ಕಟ್ಟನ್ನು ಚೀಲಕ್ಕೆ ತುಂಬಿಕೊಂಡು ಕಾರು ಹತ್ತಿದರು. ಅವರ ಸಿಟ್ಟು ನನಗೆ ಅರ್ಥವಾಯಿತು. ಹೇಳದೆ ಇದ್ದಿದ್ದರೆ ಅವರೂ ನಿಷ್ಕಪಟವಾಗಿ ಅತಿಥಿಗಳನ್ನು ಹತ್ತಿಸಿಕೊಳ್ಳಬಹುದಾಗಿತ್ತು.

ಹುಡುಗ ರಿಪೇರಿಗೆ ಇಳಿದ. ಅದೊಂದು ತಪಸ್ಸು. ಮೊದಲು ದೋಣಿಯ ಕೆಳಗೆ ಅಲ್ಲಲ್ಲಿ ಮರದ ದಿಮ್ಮಿಗಳ ಆಸರೆ ಕೊಟ್ಟು ತಳ ಕದಲದಂತೆ ಮಾಡಿದರು. ಗರಗಸದ ಅಲಗನ್ನು ಪ್ಲೈವುಡ್ಡಿನ ದಪ್ಪಕ್ಕೆ ಸರಿಯಾಗಿ ಇಳಿಸಿಕೊಂಡು, ಸುತ್ತ ಎರಡು ಅಂಗುಲದ ಅಂಚು ಬಿಟ್ಟು ನೆಲವನ್ನು ಕೊಯ್ದರು. ಕೆಳಗೆ ತುಂಬಿದ್ದ ಫೋಮು ನೀರು ಕುಡಿದು ಹಿಟ್ಟಿನ ಮುದ್ದೆಯಂತೆ ಭಾರವಾಗಿತ್ತು, ತೇಲಿಸಬೇಕಾದದ್ದೇ ಮುಳುಗಿಸುವಂತಾಗಿತ್ತು. ತೊಲೆಗಳೆರಡನ್ನೂ ಒಟ್ಟಿಗೆ ತೆಗೆಯಲು ಕೆಲಸಗಾರ ಬಿಡಲಿಲ್ಲ. ಒಟ್ಟಿಗೆ ತೆಗೆದರೆ ದೋಣಿ ತನ್ನ ಆಕಾರವನ್ನೇ ಮರೆಯುತ್ತದೆ, ಮತ್ತೆ ನೇರಕ್ಕೆ ಬರುವುದಿಲ್ಲ ಎಂದ. ಒಂದನ್ನು ತೆಗೆದು, ಹೊಸ ಮರಕ್ಕೆ ನಾಲ್ಕೂ ಮೈಗೆ ರಾಳ ಕುಡಿಸಿ ಕೂರಿಸಿ, ಗಾಜಿನ ನಾರಿನಿಂದ ತಳಕ್ಕೆ ಹೊಲಿದಂತೆ ಬೆಸೆದು, ಅದು ಬಿಗಿದ ಮೇಲೆ ಇನ್ನೊಂದು. ಬಿಸಿಲೇರಿದರೆ ಕಲಸಿದ ರಾಳ ಡಬ್ಬದಲ್ಲೇ ಗಟ್ಟಿಯಾಗುತ್ತದಾದ್ದರಿಂದ ಬೆಳಗ್ಗೆ ಎಂಟರೊಳಗೆ ಕೆಲಸ. ಗಾಜಿನ ಧೂಳಿಗೆ ಎಲ್ಲರ ಮುಂಗೈಯೂ ತುರಿಸುತ್ತಿತ್ತು. ಖರ್ಚು ದೋಣಿಯ ಬೆಲೆಯನ್ನು ಮೀರಿತೆಂದು ಅಕ್ಕ ನನ್ನೊಡನೆ ಗೊಣಗಿದಳು. ನಾನು ಏನೋ ಉಪದೇಶ ಮಾಡಿರಬೇಕೆಂದು ಅವಳ ಗುಮಾನಿ.

ಹೊಸ ನೆಲ ಕೂತ ದಿನ ನಾನು ಹಾಸನಕ್ಕೆ ಹಿಂತಿರುಗಿದೆ. ಬಸ್ಸಿಳಿದವನು ಮನೆಗೆ ಹೋಗದೆ ನೇರವಾಗಿ ನಮ್ಮ ಹಳೆಯ ಮನೆಯ ಬೀದಿಗೆ ಹೋದೆ. ಮೇಷ್ಟರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರ ಮನೆಯಾಕೆ ಬಾಗಿಲು ತೆರೆದು, ಗುರುತು ಹಿಡಿದು, ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನಾನು ತಲೆಯೆತ್ತಿ ನೋಡಿದೆ. ತೊಲೆ ಇದ್ದ ಜಾಗದಲ್ಲಿ ಕಬ್ಬಿಣದ ಗರ್ಡರು ಇತ್ತು.

“ಓ, ಆ ತೊಲೇನಾ?” ಎಂದರು ಆಕೆ. “ಅದನ್ನ ತೆಗೆಸಿ ಎಷ್ಟೋ ವರ್ಷ ಆಯ್ತಲ್ಲ. ಅಟ್ಟದ ಮೇಲೆ ಭತ್ತದ ಮೂಟೆ ಇಡ್ತಿದ್ದಾಗ ಕರಕ್ ಅಂತ ಅಂತು. ದೇವರ ದಯ, ಕೆಳಗೆ ಯಾರೂ ಇರಲಿಲ್ಲ. ಒಳಗೆಲ್ಲ ಬರೀ ಮಣ್ಣು. ನಮ್ಮನೆಯವರು ಮಾತ್ರ ಯಾವಾಗಲೂ ಅನ್ನೋರು, ಪಾಪ, ಅವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದಿದ್ರೆ ಹೇಳದೇ ಇರೋ ಜನ ಅಲ್ಲ ಅಂತ.”

ಮಣ್ಣಿನ ಗೆರೆಯ ವಿಷಯ ನಾನು ಹೇಳಿದೆ. ಸುಣ್ಣದ ವಿಷಯವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, ಗರ್ಡರಿಗೆ ಎಷ್ಟಾಯಿತು, ಗಾರೆಯವನ ಕೂಲಿ ಎಷ್ಟು, ಅದಕ್ಕಾಗಿ ಯಾವ ಒಡವೆಯನ್ನು ಅಡವಿಟ್ಟರು ಎಂದು ಒಂದೊಂದಾಗಿ ಹೇಳತೊಡಗಿದರು.